ಬುಲ್ಡೋಜರಿನ ಸೀಟು

ಬುಲ್ಡೋಜರಿನ ಕ್ಯಾಬಿನ್ನು ತೊಳೆಯುವ ಕೆಲಸ ಸೊಣ್ಣಮ್ಮನಿಗೆ ಬಂದದ್ದು ಅವಳ ಮುಖದ ದೆಸೆಯಿಂದ. ಅದು ಅವಳಿಗೆ ಗೊತ್ತಾಗುವ ಹೊತ್ತಿಗೆ ತಮ್ಮ ಬೋರಣ್ಣ ಮಣ್ಣಿಗೆ ಹೋಗಿ ಮೂರು ದಿನವಾಗಿತ್ತು.

ಅವಳದು ಸಿಡುಬಿನ ಕಲೆಯ ಮುಖ. ಏಳು ವರ್ಷದವಳಿದ್ದಾಗ ಮೈಮೇಲೆ ಸಿಡುಬಿನ ಅಮ್ಮ ಎದ್ದಿದ್ದಳು. ಅಪ್ಪನನ್ನು ಅದೇ ಸಿಡುಬು ಎತ್ತಿಕೊಂಡು ಹೋಯಿತು. ಬೋರಣ್ಣ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದ. ಅವನಿಗೆ ನಾಲ್ಕು ತುಂಬುವಾಗ ತಾಯಿಯೂ ಹೋದಳು. ಸೊಣ್ಣಮ್ಮನನ್ನು ಕಟ್ಟಿಕೊಂಡ ಗಂಡ ವರ್ಷದೊಳಗೆ ಬಿಟ್ಟುಹೋದ. ಅವಳು ಅಳಲಿಲ್ಲ. ತಮ್ಮನನ್ನು ಸಾಕುವುದಿತ್ತು.

ಅದು ಐವತ್ತೆಂಟರ ಬೇಸಿಗೆ. ಬೈರಸಂದ್ರದ ಕೆರೆ ಕೋಡಿಯ ಕೆಳಗೆ ಹದಿನೆಂಟು ಗುಡಿಸಲುಗಳ ಹೊಲಗೇರಿ. ಕೇರಿಯವರು ಗೇಯುತ್ತಿದ್ದ ಗೌಡರ ಹೊಲಗಳೆಲ್ಲ ಜಯನಗರದ ಬಡಾವಣೆಗೆ ಹೋಗಿದ್ದವು. ಹೊಲದ ಒಡೆಯರು ಪರಿಹಾರದ ಕಾಗದ ಹಿಡಿದುಕೊಂಡು ಪೇಟೆ ಕಡೆ ನಡೆದರು. ಗೇಯ್ದವರ ಕೈಗೆ ಮಂಕರಿ ಬಂತು. ನಿನ್ನೆ ರಾಗಿ ಬೆಳೆದ ಮಣ್ಣನ್ನು ಇವತ್ತು ಅಗೆದು, ತುಂಬಿ, ಹೊತ್ತು, ರಸ್ತೆಗೆ ಸುರಿಯಬೇಕು.

ಆ ಬಯಲಿಗೆಲ್ಲ ಬುಲ್ಡೋಜರು ಒಂದೇ. ಹಳದಿ ಬಣ್ಣ. ಎತ್ತರದಲ್ಲಿ ಡ್ರೈವರ್ ಕೂರುವ ಕ್ಯಾಬಿನ್ನು. ಮೂರು ಕಡೆ ತಗಡು, ಮೇಲೆ ತಗಡು, ಮುಂದೆ ಗಾಜು. ಒಳಗೆ ತೆಂಗಿನ ನಾರು ತುಂಬಿ ಕ್ಯಾನ್ವಾಸು ಹೊಲಿದ ಸೀಟು. ಓಡಿಸುವವನು ತಿರುಮಲೇಶ. ಗ್ರೀಸು ಹಾಕುವವನು ಬೋರಣ್ಣ. ದಿನಾ ಬೆಳಿಗ್ಗೆ ಅವನು ಯಂತ್ರದ ಹೊಟ್ಟೆಯಡಿ ಅಂಗಾತ ಮಲಗಿ ತೆವಳಿಕೊಂಡು ಒಳಗೆ ಹೋಗಬೇಕು. ಕರಿ ಎಣ್ಣೆ ಕಣ್ಣಿಗೆ, ಬಾಯಿಗೆ ತೊಟ್ಟಿಕ್ಕುತ್ತಿತ್ತು. ಹಾಗೆ ಮಲಗಿ ಮಲಗಿಯೇ ಎರಡು ವರ್ಷದಲ್ಲಿ ಆ ಯಂತ್ರದ ಒಂದೊಂದು ನರವೂ ಅವನಿಗೆ ಗೊತ್ತಾಯಿತು. ತಿರುಮಲೇಶ ಊಟಕ್ಕೆ ಹೋದಾಗ ಗಾಡಿಯನ್ನು ನೆರಳಿಗೆ ತರುವವನು ಬೋರಣ್ಣನೇ. ಆದರೆ ಕೂತು ಓಡಿಸುವಂತಿಲ್ಲ.

"ಲಿವರ್ ಹಿಡ್ಕೊ, ಪರವಾಗಿಲ್ಲ. ಸೀಟಿಗೆ ಮಾತ್ರ ನಿನ್ ಮೈ ತಾಗಕೂಡ್ದು" ಎಂದು ತಿರುಮಲೇಶ ಮೊದಲ ದಿನವೇ ಹೇಳಿದ್ದ.

ಬೋರಣ್ಣ ಆಳು ಉದ್ದ. ಚಾವಣಿ ತಗ್ಗು. ಕತ್ತು ಬಗ್ಗಿಸಿ, ಸೊಂಟ ಮುರಿದು, ತೊಡೆ ಸೀಟಿಗೆ ತಾಗದ ಹಾಗೆ ನಿಂತುಕೊಂಡೇ ಅವನು ಅಷ್ಟು ದೊಡ್ಡ ಯಂತ್ರವನ್ನು ಓಡಿಸುತ್ತಿದ್ದ. ಕೂಲಿಗಳು ನೋಡಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಗುಡಿಸಲಿಗೆ ಬಂದು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ನಗುತ್ತಿರಲಿಲ್ಲ.

ಕ್ಯಾಬಿನ್ನು ತೊಳೆಯುತ್ತಿದ್ದವಳು ನಾರಾಯಣಮ್ಮ. ಯಡಿಯೂರು ಕಡೆಯ ಹೆಂಗಸು. ಒಂದು ಸೋಮವಾರ ಸೈಟ್ ಮ್ಯಾನೇಜರ್ ಗುರುಬಸಪ್ಪ ಬಂದು ಅವಳನ್ನು ಜಲ್ಲಿ ಒಡೆಯಲು ಕಳಿಸಿದ. ಆಮೇಲೆ ಮಣ್ಣು ಹೊರುತ್ತಿದ್ದ ಹೆಂಗಸರ ಸಾಲಿನ ಮುಂದೆ ನಡೆಯುತ್ತ ಒಬ್ಬೊಬ್ಬರ ಮುಖ ನೋಡಿದ. ಸೊಣ್ಣಮ್ಮನ ಎದುರು ನಿಂತ.

"ನೀನು. ಮಂಕರಿ ಕೆಳಗಿಡು. ಇವತ್ತಿಂದ ಕ್ಯಾಬಿನ್ ಕೆಲಸ ನಿಂದು."

"ನಾನ್ಯಾಕ್ ಬುದ್ಧಿ? ನಾರಾಯಣಮ್ಮ ಮಾಡ್ತಾ ಅವ್ಳಲ್ಲ."

"ಹೇಳಿದ್ದು ಮಾಡು."

ಕಂಪನಿಯ ನೀರಿನ ತೊಟ್ಟಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ವಾಚ್‌ಮನ್ ಮೇಲಿಂದ ಸುರಿಯಬೇಕು, ಇವಳು ಕೆಳಗೆ ಬಕೆಟ್ಟು ಹಿಡಿಯಬೇಕು. ಅವನಿಗೆ ಮನಸ್ಸು ಬಂದಷ್ಟು ನೀರು. ಅವತ್ತು ಅರ್ಧ ಬಕೆಟ್ಟಿಗೆ ಮನಸ್ಸು ಬಂತು. ಅದನ್ನು ಹಿಡಿದು ಅವಳು ಗಾಲಿಗಳ ಉಕ್ಕಿನ ಚೈನಿನ ಮೇಲೆ ಕಾಲಿಟ್ಟು ಹತ್ತಿ ಕ್ಯಾಬಿನ್ನಿನ ಬಾಗಿಲು ಎಳೆದಳು.

ವಾಸನೆ ಮುಖಕ್ಕೆ ಬಡಿಯಿತು.

ಎಲೆಅಡಿಕೆಯ ಉಗುಳು, ಬೀಡಿ, ಬೆವರು, ಡೀಸೆಲ್ಲು ಎಲ್ಲ ಇತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಅದು ಅವಳಿಗೆ ಗೊತ್ತು. ಏಳು ವರ್ಷದವಳಾಗಿ ಬಾಳೆ ಎಲೆಯ ಮೇಲೆ ಬೆತ್ತಲೆ ಮಲಗಿದ್ದಾಗ ತನ್ನ ಮೈಯಿಂದಲೇ ಬಂದಿದ್ದ ವಾಸನೆ. ಸೀಟಿನ ಕ್ಯಾನ್ವಾಸಿನ ಮೇಲೆ ಹಳದಿ ಕಲೆ, ಅಂಚಿನಲ್ಲಿ ಒಣಗಿ ಗಟ್ಟಿಯಾಗಿತ್ತು. ಲಿವರಿನ ಹಿಡಿ ಅಂಟು ಅಂಟು.

ತಿರುಮಲೇಶ ಯಂತ್ರದ ನೆರಳಿನಲ್ಲಿ ಕೂತಿದ್ದ. ತಲೆಗೆ ಟವೆಲ್ಲು, ಆ ಉರಿಬಿಸಿಲಿನಲ್ಲಿ ತುಂಬುತೋಳಿನ ಅಂಗಿ. ಅವನ ಮುಂಗೈ ಮೇಲೆ ಗುಳ್ಳೆಗಳಿದ್ದವು.

"ಡ್ರೈವರಣ್ಣ, ಏನದು ಕೈಯಾಗೆ?"

"ಸೆಖೆ ಗುಳ್ಳೆ."

"ಸೆಖೆ ಗುಳ್ಳೆ ಹಿಂಗಿರಲ್ಲ ಕಣಣ್ಣ. ನಂಗೊತ್ತು. ಮನೀಗ್ ಹೋಗಿ ಮಲ್ಕೊ."

ತಿರುಮಲೇಶ ತಲೆ ಎತ್ತಲಿಲ್ಲ. "ಎಲ್ಲಿಗ್ ಹೋಗ್ಲಿ? ಇಪ್ಪತ್ತೈದನೇ ತಾರೀಕು ಮಂತ್ರಿ ಬರ್ತಾರಂತೆ ರಸ್ತೆ ನೋಡೋಕೆ. ಗಾಡಿ ನಿಂತ್ರೆ ನಾಳೆಯಿಂದ ಬರಬೇಡ ಅಂದವ್ನೆ ಗುರುಬಸಪ್ಪ. ಅವ್ನಿಗೇ ತೋರಿಸ್ದೆ. ಸೆಖೆ ಗುಳ್ಳೆ ಅಂತ ಅವ್ನೇ ಹೇಳಿದ್ದು. ನೀನು ಬಾಯ್ ಮುಚ್ಕೊಂಡ್ ತೊಳಿ."

ಸೊಣ್ಣಮ್ಮ ನೇರ ಆಫೀಸಿನ ಶೆಡ್ಡಿಗೆ ಹೋದಳು. ಹೊಸಿಲಿನಾಚೆ ನಿಂತಳು. ಒಳಗೆ ಹೋಗುವ ಹಾಗಿರಲಿಲ್ಲ.

"ಬುದ್ಧಿ, ಬಿಸಿನೀರು ಬೇಕು. ಫಿನಾಯಿಲು ಬೇಕು. ಆ ಸೀಟಿನ ಬಟ್ಟೆ ಬಿಚ್ಚಿ ಸುಡಬೇಕು. ಒಂದು ಚಿಂದಿನೂ ಇಲ್ಲ ಒರೆಸೋಕೆ."

ಗುರುಬಸಪ್ಪ ಮೇಜಿನ ಹಿಂದೆ ನಕ್ಷೆ ಹರಡಿಕೊಂಡು ಕೂತಿದ್ದ. ಜೊತೆಗೆ ಇಬ್ಬರು ಇಂಜಿನಿಯರುಗಳು. ಅವರ ಕಡೆ ನೋಡಿ ನಕ್ಕ.

"ಕೇಳಿದ್ರಾ? ಫಿನಾಯಿಲ್ ಬೇಕಂತೆ. ನಿನ್ನ ಗುಡಿಸಲು ಯಾವತ್ತಾದ್ರೂ ಫಿನಾಯಿಲ್ ಕಂಡಿದೆಯೇನೆ? ಸತ್ತ ದನ ತಿನ್ನೋ ಬಾಯಲ್ಲಿ ಫಿನಾಯಿಲ್."

ಇಂಜಿನಿಯರುಗಳೂ ನಕ್ಕರು.

"ಒರೆಸೋಕೆ ಏನಿಲ್ಲ ಅಂದ್ಯಲ್ಲ. ಸೀರೆ ಉಟ್ಟಿದ್ದೀಯಲ್ಲ? ಸೆರಗು ಯಾತಕ್ಕಿದೆ?"

ಅವನು ಎದ್ದು ಬಂದ. ಯಂತ್ರದವರೆಗೂ ಅವಳ ಹಿಂದೆಯೇ ಬಂದ. ಕೆಳಗೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಅವಳು ಸೆರಗಿನಿಂದ ಸೀಟು ಒರೆಸುವುದನ್ನು ನೋಡಿದ. ಇಷ್ಟು ಜನ ಗಂಡಸರ ಮುಂದೆ ಎದೆಯ ಮೇಲಿನ ಬಟ್ಟೆ ತೆಗೆದು ಬಗ್ಗಿ ಅವಳು ಒಬ್ಬನ ಕೀವು ಒರೆಸಿದಳು. ಸೀಟು ಒರೆಸಿದಳು. ಲಿವರು ಒರೆಸಿದಳು. ಉಗುಳು ಒರೆಸಿದಳು. ಒದ್ದೆ ಸೆರಗನ್ನು ಮತ್ತೆ ಎದೆಯ ಮೇಲೆ ಹಾಕಿಕೊಳ್ಳದೆ ವಿಧಿಯಿರಲಿಲ್ಲ. ಕೆಳಗಿನಿಂದ ಯಾರೋ ಸಿಳ್ಳೆ ಹೊಡೆದರು.

ಸಂಜೆ ಅವಳು ಕೆರೆಗೆ ಇಳಿದು ಸೀರೆಯನ್ನು ಕಲ್ಲಿಗೆ ಒಗೆದಳು, ಹರಿಯುವ ತನಕ ಒಗೆದಳು.

ಮಂಗಳವಾರವೂ ತಿರುಮಲೇಶ ಗಾಡಿ ಓಡಿಸಿದ. ಬುಧವಾರ ಮಧ್ಯಾಹ್ನ ಕ್ಯಾಬಿನ್ನಿನ ಬಾಗಿಲಿನಿಂದ ಮೂಟೆ ಬಿದ್ದ ಹಾಗೆ ಕೆಳಗೆ ಬಿದ್ದ. ಟವೆಲ್ಲು ಕಳಚಿತು. ಮುಖದ ತುಂಬ ಎದ್ದಿತ್ತು. ಹತ್ತಿರ ಇದ್ದವರು ಹಿಂದೆ ಸರಿದರು. ಗುರುಬಸಪ್ಪ ಒಂದು ಜೀಪು ತರಿಸಿದ. ತಾಡಪಾಲು ಮುಚ್ಚಿ ಎಲ್ಲಿಗೋ ಸಾಗಿಸಿದರು.

"ಬಿಸಿಲು ಬಡಿದಿದೆ. ಕೆಲಸ ನೋಡ್ರಿ" ಎಂದು ಅವನು ಕೂಗಿದ.

ಒಂದು ಗಂಟೆಯೊಳಗೆ ಚರ್ಮದ ಪೆಟ್ಟಿಗೆ ಹಿಡಿದ ಡಾಕ್ಟರೊಬ್ಬ ಕಾರಿನಲ್ಲಿ ಬಂದ. ಆಫೀಸಿನ ಬಾಗಿಲು ಹಾಕಿಕೊಂಡರು. ಆಮೇಲೆ ಗುರುಬಸಪ್ಪ, ಇಬ್ಬರು ಇಂಜಿನಿಯರುಗಳು, ಗುಮಾಸ್ತ, ವಾಚ್‌ಮನ್ನು ಒಬ್ಬೊಬ್ಬರಾಗಿ ಹೊರಗೆ ಬಂದರು. ಎಲ್ಲರ ಎಡ ತೋಳಿನ ಮೇಲೆ ಹತ್ತಿ. ಎಲ್ಲರೂ ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದರು.

"ಏನ್ ಹಾಕಿದ್ರು ಅಣ್ಣ?" ಎಂದು ಸೊಣ್ಣಮ್ಮ ವಾಚ್‌ಮನ್ನನನ್ನು ಕೇಳಿದಳು.

"ಶಕ್ತಿ ಇಂಜೆಕ್ಷನ್ನು" ಎಂದ. ಅವಳ ಮುಖ ನೋಡದೆ ಹೇಳಿದ.

ಇನ್ನೂರು ಜನ ಕೂಲಿಗಳಿದ್ದರು ಆ ಬಯಲಿನಲ್ಲಿ. ಯಾರನ್ನೂ ಕರೆಯಲಿಲ್ಲ. ಡಾಕ್ಟರ ಕಾರು ಧೂಳೆಬ್ಬಿಸಿಕೊಂಡು ಹೋಯಿತು.

ಆಮೇಲೆ ಗುರುಬಸಪ್ಪ ಬೋರಣ್ಣನನ್ನು ಕರೆಸಿದ. ಯಂತ್ರದಡಿಯಿಂದ ತೆವಳಿ ಬಂದು ಬೋರಣ್ಣ ಕೈ ಒರೆಸಿಕೊಂಡು ನಿಂತ.

"ಗಾಡಿ ಓಡಿಸ್ತೀಯಲ್ಲ?"

"ಓಡಿಸ್ತೀನಿ ಬುದ್ಧಿ."

"ಇವತ್ತಿಂದ ನೀನೇ ಡ್ರೈವರ್."

ಬೋರಣ್ಣ ಯಂತ್ರದ ಕಡೆ ಹೊರಟ. ಎರಡು ಹೆಜ್ಜೆ ನಡೆದು ತಿರುಗಿ ಕೇಳಿದ. "ನಿಂತ್ಕೊಂಡು ಓಡಿಸ್ಲಾ ಬುದ್ಧಿ?"

"ಯಾಕೆ? ಸೀಟಿಲ್ವಾ? ಕೂತ್ಕೊ. ಡ್ರೈವರ್ ಅಂದ್ಮೇಲೆ ಕೂತ್ಕೊಂಡೇ ಓಡಿಸಬೇಕು."

ಸೊಣ್ಣಮ್ಮ ಮಂಕರಿ ಎಸೆದು ಓಡಿಬಂದಳು. ಅಷ್ಟು ಹೊತ್ತಿಗೆ ಅವನು ಚೈನಿನ ಮೇಲೆ ಒಂದು ಕಾಲಿಟ್ಟಿದ್ದ. ಅವಳು ಅವನ ಚಡ್ಡಿ ಹಿಡಿದು ಎಳೆದಳು.

"ಬ್ಯಾಡ ಕಣೋ ಬೋರ. ಅದ್ರಾಗೆ ಅಮ್ಮ ಅವ್ಳೆ. ನಾನ್ ಕಂಡಿವ್ನಿ. ಸೀಟು ಕಿತ್ತು ಸುಡ್ಲಿ, ಆಮೇಲೆ ಕೂತ್ಕೊ. ನಿಂತ್ಕೊಂಡಾರ ಓಡ್ಸು. ಬ್ಯಾಡ, ನಿಂತ್ಕೊಂಡೂ ಬ್ಯಾಡ."

"ಬಿಡಕ್ಕಯ್ಯ."

"ನನ್ ಮುಖ ನೋಡು. ಇದಾಗುತ್ತೆ."

ಬೋರಣ್ಣ ಅವಳ ಕೈ ಕೊಡವಿದ. ಅವನ ಕಣ್ಣು ಕೆಂಪಾಗಿತ್ತು. "ಎಲ್ಡು ವರ್ಷ ನಾಯಿ ಬಿದ್ದಂಗೆ ಇದರ ಅಡೀಗ್ ಬಿದ್ದಿವ್ನಿ. ಎಲ್ಡು ವರ್ಷ ಗೂನ ನಿಂತಂಗೆ ನಿಂತಿವ್ನಿ. ಇವತ್ತು ಕೂತ್ಕೊ ಅಂತ ಅವ್ರ ಬಾಯಾಗೇ ಬಂತು. ನಾನು ಕೂತ್ರೆ ನಿಂಗೂ ಹೊಟ್ಟೆಯುರಿನಾ ಅಕ್ಕಯ್ಯ?"

ಅವಳ ಕೈ ತಾನಾಗಿ ಬಿಟ್ಟಿತು. ಅವನು ಹತ್ತಿದ. ಕೂತ. ಬೆನ್ನು ನೆಟ್ಟಗೆ ಮಾಡಿ ಒರಗಿದ. ಅಂಟು ಅಂಟಾದ ಲಿವರನ್ನು ಎರಡೂ ಕೈಯಿಂದ ಹಿಡಿದ. ಕೇರಿಯ ಪಕ್ಕದಲ್ಲೇ ಗಾಡಿ ಬಿಟ್ಟುಕೊಂಡು ಹೋದ. ಅವನ ಹೆಂಡತಿ ಮುನಿಲಕ್ಷ್ಮಮ್ಮ ಗುಡಿಸಲಿನಿಂದ ಹೊರಗೆ ಬಂದು ನಿಂತಳು. ಸುದ್ದಗುಂಟೆಪಾಳ್ಯದಿಂದ ಬಂದ ಹುಡುಗಿ, ಮದುವೆಯಾಗಿ ಎಂಟು ತಿಂಗಳು. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಕೇರಿಯ ಮುದುಕರು ಕೇಕೆ ಹಾಕಿದರು. ಬೋರಣ್ಣ ಮೇಲಿನಿಂದ ಕೈ ಎತ್ತಿದ.

ಗುರುಬಸಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಅವನಿಗೂ ನಗು ಬಂದಿತ್ತು.

ಹನ್ನೆರಡು ದಿನ ಬೋರಣ್ಣ ರಾಜನ ಹಾಗೆ ಇದ್ದ. ಹದಿಮೂರನೆಯ ದಿನ ಜ್ವರ ಬಂತು. ಸೊಂಟ ಕತ್ತರಿಸಿದ ಹಾಗೆ ನೋವು. ಗುರುಬಸಪ್ಪ ಆಳು ಕಳಿಸಿ ಎಬ್ಬಿಸಿದ. ಜ್ವರದಲ್ಲೇ ಎರಡು ದಿನ ಗಾಡಿ ಓಡಿಸಿದ. ಇಪ್ಪತ್ತೈದಕ್ಕೆ ಮಂತ್ರಿ ಬಂದು, ರಸ್ತೆಯ ಮೇಲೆ ಹತ್ತು ಮಾರು ನಡೆದು, ಹಾರ ಹಾಕಿಸಿಕೊಂಡು ಹೋದರು. ಬೋರಣ್ಣ ಆ ಹೊತ್ತಿಗೆ ಯಂತ್ರದ ಹಿಂದೆ ವಾಂತಿ ಮಾಡಿಕೊಳ್ಳುತ್ತಿದ್ದ. ಮಾರನೆಯ ದಿನ ಬಾಯೊಳಗೆ ಎದ್ದಿತು. ಆಮೇಲೆ ಹಣೆಗೆ, ಆಮೇಲೆ ಕೈಗೆ, ಅಂಗಾಲಿಗೆ.

ಸೊಣ್ಣಮ್ಮ ಅವನನ್ನು ಬಾಳೆ ಎಲೆಯ ಮೇಲೆ ಮಲಗಿಸಿದಳು. ಬೇವಿನ ಸೊಪ್ಪು ಬೀಸಿದಳು. ಗುಳ್ಳೆಗಳು ಒಂದಕ್ಕೊಂದು ಸೇರಿ ಮೈಯೆಲ್ಲ ಒಂದೇ ಗುಳ್ಳೆಯಾಯಿತು. ಹೊರಳಿಸಿದರೆ ಎಲೆಗೆ ಚರ್ಮ ಅಂಟಿಕೊಂಡು ಬರುತ್ತಿತ್ತು. ಕಣ್ಣು ಮುಚ್ಚಿಹೋದವು. ಗಂಟಲು ಮುಚ್ಚಿತು. ನೀರು ಕೇಳುತ್ತಿದ್ದ, ಬಿಟ್ಟರೆ ಕಟವಾಯಿಂದ ಇಳಿಯುತ್ತಿತ್ತು.

ಅವಳು ಗುರುಬಸಪ್ಪನ ಹತ್ತಿರ ಓಡಿದಳು. "ಬುದ್ಧಿ, ಒಂದ್ ಜೀಪು ಕೊಡಿ. ಆಸ್ಪತ್ರೆಗೆ ಹಾಕ್ತೀನಿ. ತಿರುಮಲೇಶಣ್ಣಂಗೆ ಕೊಟ್ರಲ್ಲ."

ಅವನು ಇಪ್ಪತ್ತು ಅಡಿ ದೂರದಿಂದಲೇ ಕಲ್ಲೆತ್ತಿಕೊಂಡ. "ಅಲ್ಲೇ ನಿಲ್ಲು! ಒಂದು ಹೆಜ್ಜೆ ಇಟ್ರೆ ಹೊಡೀತೀನಿ. ಕೇರೀಲಿ ರೋಗ ಇಟ್ಕೊಂಡು ನನ್ನ ಸೈಟಿಗೆ ತಂದಿದ್ದೀರ. ನಿಮ್ಮಿಂದ ನನ್ನ ಡ್ರೈವರ್ ಹೋದ."

"ತಿರುಮಲೇಶಣ್ಣಂಗೆ ಮೊದ್ಲು ಬಂದಿದ್ದು ಬುದ್ಧಿ. ಆಮ್ಯಾಲೆ ಬೋರಂಗೆ."

ಅವನು ಕಲ್ಲು ಬೀಸಿದ. ಅವಳ ಮೊಣಕಾಲಿಗೆ ಬಿತ್ತು. ಅವಳು ಕುಂಟುತ್ತ ವಾಪಸು ಬಂದಳು.

ಗುಳ್ಳೆ ಎದ್ದ ಎಂಟನೆಯ ದಿನ ಬೆಳಿಗ್ಗೆ ಬೋರಣ್ಣ ಸತ್ತ. ಹೊರಲು ಯಾರೂ ಬರಲಿಲ್ಲ. ಬರಬೇಡಿ ಎಂದವಳೂ ಸೊಣ್ಣಮ್ಮನೇ. ಅವಳೊಬ್ಬಳಿಗೇ ಆ ರೋಗದ ಭಯವಿರಲಿಲ್ಲ. ಚಾಪೆಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಕೆರೆಯಂಗಳದವರೆಗೆ ಎಳೆದುಕೊಂಡು ಹೋದಳು. ಹಾರೆ ಹಿಡಿದು ತಾನೇ ಗುಣಿ ತೋಡಿದಳು. ಸೊಂಟದ ಮಟ್ಟಕ್ಕೆ ಇಳಿದಾಗ ಕೈ ಸೋತಿತು. ಇನ್ನೂ ತೋಡಿದಳು. ನಾಯಿ ಕಿತ್ತು ತೆಗೆಯಬಾರದು.

ಗುಡಿಸಲಿಗೆ ಬಂದರೆ ಮುನಿಲಕ್ಷ್ಮಮ್ಮನ ಮೈ ಸುಡುತ್ತಿತ್ತು. ಪಕ್ಕದ ಗುಡಿಸಲಲ್ಲಿ ಎರಡು ಮಕ್ಕಳು ನರಳುತ್ತಿದ್ದವು.

ಮಾರನೆಯ ದಿನ ಗುಮಾಸ್ತ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದ. ಉದ್ದ ಕೋಲಿನ ತುದಿಗೆ ಸುಣ್ಣದ ಬ್ರಷ್ಷು. ಹದಿನೆಂಟು ಗುಡಿಸಲಿಗೂ ಒಂದೊಂದು ಗೆರೆ ಎಳೆದ. ನಾಳೆ ಕೇರಿಯನ್ನು ನೆಲಸಮ ಮಾಡುತ್ತಾರೆ, ರೋಗ ಹರಡಬಾರದಲ್ಲ, ಎಲ್ಲಾದರೂ ಹೋಗಿ ಎಂದು ದೂರದಿಂದ ಕೂಗಿ ಹೋದ. ಕೇರಿಯ ಮೇಲೆ ರಸ್ತೆ ಹಾಯಬೇಕೆಂದು ನಕ್ಷೆಯಲ್ಲಿ ಬರೆದು ಆರು ತಿಂಗಳಾಗಿತ್ತು. ಕೇರಿಯವರು ಕದಲಿರಲಿಲ್ಲ. ಈಗ ರೋಗದ ನೆಪ ಗುರುಬಸಪ್ಪನ ಕೈಗೆ ಸಿಕ್ಕಿತ್ತು.

ಅದರ ಮಾರನೆಯ ದಿನ, ಬೋರಣ್ಣ ಮಣ್ಣಿಗೆ ಹೋದ ಮೂರನೆಯ ದಿನ, ಹೊತ್ತೇರಿದ ಮೇಲೆ ವಾಚ್‌ಮನ್ ಬಂದು ಸೊಣ್ಣಮ್ಮನನ್ನು ಕರೆದ. "ಮ್ಯಾನೇಜರ್ ಕರೀತಾವ್ರೆ. ಕ್ಯಾಬಿನ್ ತೊಳೀಬೇಕಂತೆ."

ಅವಳು ಎದ್ದಳು. ಯಾಕೆ ಎದ್ದಳೆಂದು ಅವಳಿಗೂ ಗೊತ್ತಿರಲಿಲ್ಲ. ಮೈ ಅಭ್ಯಾಸಕ್ಕೆ ಎದ್ದಿತು. ಕೇರಿಯ ಹೆಂಗಸರು ಅವಳ ಹಿಂದೆಯೇ ಬಂದರು. ಗುಡಿಸಲು ಕೆಡವಬೇಡಿ ಎಂದು ಕಾಲು ಹಿಡಿಯೋಣ ಅಂತ ಬಂದವರು. ಅವರಲ್ಲಿ ಜಲ್ಲಿ ಒಡೆಯುವವರ ಕೈಯಲ್ಲಿ ಸುತ್ತಿಗೆ ಇದ್ದೇ ಇತ್ತು.

ಬುಲ್ಡೋಜರು ಕೇರಿಗೆ ಮುಖ ಮಾಡಿ ನಿಂತಿತ್ತು. ಪಕ್ಕದಲ್ಲಿ ಹೊಸ ಡ್ರೈವರ್, ಬೇರೆ ಊರಿಂದ ಕರೆಸಿದವನು, ಕೈಕಟ್ಟಿ ನಿಂತಿದ್ದ. ತೊಳೆಯದೆ ಹತ್ತುವುದಿಲ್ಲ ಎಂದು ಅವನು ಹಟ ಹಿಡಿದಿದ್ದ. ನೆಲದ ಮೇಲೆ ಎರಡು ಬಕೆಟ್ಟು ಬಿಸಿನೀರು ಹಬೆಯಾಡುತ್ತಿತ್ತು. ಒಂದು ಡಬ್ಬ ಫಿನಾಯಿಲು. ಕೆಂಪು ಸೋಪು. ಬ್ರಷ್ಷು. ಒಗೆದು ಮಡಿಸಿದ ಬಿಳಿ ಬಟ್ಟೆಗಳು. ಸೀಟಿಗೆ ಹಾಕಲು ಹೊಸ ಕ್ಯಾನ್ವಾಸು ಕೂಡ.

ಸೊಣ್ಣಮ್ಮ ಅದನ್ನೆಲ್ಲ ನೋಡಿದಳು. ಒಂದೊಂದನ್ನೂ ನೋಡಿದಳು.

"ಚೆನ್ನಾಗಿ ಉಜ್ಜು. ಮೂಲೆ ಮೂಲೆ ಬಿಡಬೇಡ" ಎಂದ ಗುರುಬಸಪ್ಪ.

ಹೊಸ ಡ್ರೈವರ್ ಅವಳ ಕಡೆ ನೋಡಿ ಗುರುಬಸಪ್ಪನನ್ನು ಕೇಳಿದ. "ಸಾರ್, ಈ ಯಮ್ಮ ಕೈ ಇಟ್ರೆ ಈ ಯಮ್ಮಂಗೂ ಬರಲ್ವಾ?"

"ಇವಳಿಗೆ ಬರಲ್ಲ. ಮುಖ ನೋಡು, ಚಿಕ್ಕವಳಿದ್ದಾಗಲೇ ಬಂದು ಹೋಗಿದೆ. ಅದಕ್ಕೇ ಅವತ್ತು ತಿರುಮಲೇಶ ಗುಳ್ಳೆ ತೋರಿಸಿದ ದಿನವೇ ಇವಳನ್ನ ಹುಡುಕಿ ಕ್ಯಾಬಿನ್ನಿಗೆ ಹಾಕಿದ್ದು."

ಅವನು ಅದನ್ನು ಜಂಬದಿಂದ ಹೇಳಿದ. ತನ್ನ ಬುದ್ಧಿವಂತಿಕೆ ಹೊಸಬನಿಗೆ ಗೊತ್ತಾಗಲಿ ಎಂದು ಹೇಳಿದ.

ಸೊಣ್ಣಮ್ಮ ಬಕೆಟ್ಟಿಗೆ ಬಗ್ಗಿದ್ದವಳು ಹಾಗೇ ನಿಂತಳು. ಆ ಸೋಮವಾರ. ಸಾಲಿನ ಮುಂದೆ ನಡೆದುಬಂದ ಕಾಲುಗಳು. ತನ್ನ ಕೆನ್ನೆಯ ಗುಳಿಗಳನ್ನು ನೋಡಿದ ಕಣ್ಣು. ಅಂದರೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೇ ಸೆರಗಿನಿಂದ ಒರೆಸಿಸಿದ್ದು. ಗೊತ್ತಿದ್ದೇ ತೋಳಿಗೆ ಚುಚ್ಚಿಸಿಕೊಂಡದ್ದು, ಅದು ಸಿಡುಬಿನ ದಾಕು. ಗೊತ್ತಿದ್ದೇ ಬೋರನಿಗೆ ಕೂತ್ಕೊ ಅಂದದ್ದು.

"ಏಯ್, ನಿದ್ದೆ ಹೋದ್ಯಾ? ಹತ್ತು."

ಅವಳು ಹತ್ತಿದಳು. ಬರಿಗೈಯಲ್ಲಿ ಹತ್ತಿದಳು. ಸೀಟಿನ ಎರಡು ಅಂಚು ಹಿಡಿದು ಜಗ್ಗಿದಳು. ಮೊಳೆ ಕಿತ್ತುಬಂದವು. ಸೀಟನ್ನು ಎದೆಗೆ ಅವಚಿಕೊಂಡು ಕೆಳಗೆ ಹಾರಿದಳು.

"ನೀನೇ ಕೂತ್ಕೊ" ಎಂದಳು.

"ಏನಂದೆ?"

"ಕೂತ್ಕೊ ಅಂದೆ. ನನ್ ತಮ್ಮಂಗೆ ಹೇಳ್ದಲ್ಲ, ಹಂಗೇ ಹೇಳ್ತಾ ಇವ್ನಿ. ಕೂತ್ಕೊ."

ಅವನು ಬೂಟುಗಾಲಿನಿಂದ ಅವಳ ಹೊಟ್ಟೆಗೆ ಒದ್ದ. ಅವಳು ಬಿದ್ದಳು. ಬಿದ್ದವಳು ಆ ಕಾಲನ್ನೇ ಹಿಡಿದುಕೊಂಡಳು. ಮಣ್ಣು ಹೊತ್ತ ಕೈ, ಗುಣಿ ತೋಡಿದ ಕೈ. ಎಳೆದಳು. ಅವನು ಮಗುಚಿ ಬಿದ್ದ. ವಾಚ್‌ಮನ್ ಕೋಲು ಎತ್ತಿಕೊಂಡು ಬಂದ. ಜಲ್ಲಿ ಗುಡ್ಡೆಯಿಂದ ಓಡಿಬಂದ ನಾರಾಯಣಮ್ಮ ಅವನ ಮೊಣಕೈಗೆ ಸುತ್ತಿಗೆ ಬೀಸಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಕಾಲು ಹಿಡಿಯಲು ಬಂದಿದ್ದ ಹೆಂಗಸರು ಕಾಲನ್ನೇ ಹಿಡಿದರು. ನಾಲ್ವರು ಸೇರಿ ಗುರುಬಸಪ್ಪನನ್ನು ಎತ್ತಿ ಆ ಸೀಟಿನ ಮೇಲೆ ಕುಕ್ಕಿದರು. ಅವನು ಕಿರುಚಿದ. ಹೆಂಗಸರ ಹಾಗೆ ಅಂತ ಹೇಳಬಾರದು, ಅಲ್ಲಿದ್ದ ಹೆಂಗಸರು ಯಾರೂ ಹಾಗೆ ಕಿರುಚಿರಲಿಲ್ಲ.

"ಬಿಡ್ರೇ! ಅಂಟುತ್ತೆ! ಅಂಟುತ್ತೆ ಕಣ್ರೇ!"

"ಏನ್ ಅಂಟುತ್ತೆ? ಸೆಖೆ ಗುಳ್ಳೆ ಅಲ್ವಾ ಬುದ್ಧಿ?" ಸೊಣ್ಣಮ್ಮ ಅವನ ಕೂದಲು ಹಿಡಿದು ಮುಖವನ್ನು ಕ್ಯಾನ್ವಾಸಿಗೆ ತಿಕ್ಕಿದಳು. ಹಳದಿ ಕಲೆ ಎಲ್ಲೆಲ್ಲಿತ್ತೋ ಅಲ್ಲಿಗೆ ತಿಕ್ಕಿದಳು. ನಾರು ಅವನ ಕೆನ್ನೆ ತರಚಿತು, ರಕ್ತ ಬಂತು. "ನೀನು ಸಾಯಲ್ಲ ಬಿಡು. ನಿಂಗ್ ದಾಕು ಹಾಕವ್ರೆ. ನಾನೇ ಕಂಡಿವ್ನಿ. ನಿಂಗೇನೂ ಆಗಲ್ಲ ಅಂತ ಗೊತ್ತಿದ್ರೂ ಹಿಂಗ್ ಅರಚ್ಕೋತೀಯಲ್ಲ. ಏನೂ ಗೊತ್ತಿಲ್ದೆ ಕೂತ್ನಲ್ಲೋ ನನ್ ಕೂಸು! ನಕ್ಕೊಂಡು ಕೂತ್ನಲ್ಲೋ!"

ಅವನು ಉಚ್ಚೆ ಹೊಯ್ದುಕೊಂಡ. ಅವಳು ಬಿಟ್ಟಳು. ಅವನು ನಾಲ್ಕು ಕಾಲಿನಲ್ಲಿ ತೆವಳಿ, ಎದ್ದು, ಶೆಡ್ಡಿನ ಕಡೆ ಓಡಿದ.

ಸೊಣ್ಣಮ್ಮ ಸೀಟಿನ ಮೇಲೆ ಡೀಸೆಲ್ಲು ಸುರಿದು ಕಡ್ಡಿ ಗೀರಿದಳು. ನಾರು ಚಟಚಟ ಉರಿಯಿತು. ಹೆಂಗಸರು ಯಂತ್ರ ಹತ್ತಿದರು. ಗಾಜು ಒಡೆದರು. ಲಿವರುಗಳನ್ನು ಸುತ್ತಿಗೆಯಿಂದ ಬಡಿದು ಬಗ್ಗಿಸಿದರು. ಡೀಸೆಲ್ ಟ್ಯಾಂಕಿಗೆ ಮಣ್ಣು ತುಂಬಿದರು, ಮಂಕರಿ ಮಂಕರಿ ತುಂಬಿದರು, ದಿನಾ ಮಾಡುತ್ತಿದ್ದ ಕೆಲಸವೇ. ಹೊಸ ಡ್ರೈವರ್ ದೂರ ಹೋಗಿ ಬೀಡಿ ಹಚ್ಚಿಕೊಂಡು ನಿಂತ. ತಡೆಯಲು ಬರಲಿಲ್ಲ.

ಪೊಲೀಸರು ಎರಡು ವ್ಯಾನಿನಲ್ಲಿ ಬಂದರು. ಲಾಠಿಗೆ ಗಂಡಸು ಹೆಂಗಸು ಅಂತ ಇರಲಿಲ್ಲ. ನಾರಾಯಣಮ್ಮನ ಹಲ್ಲು ಉದುರಿದವು. ಸೊಣ್ಣಮ್ಮನ ಎಡ ತೋಳು ಮೊಣಕೈಯ ಮೇಲೆ ಮುರಿದು ಜೋತುಬಿತ್ತು. ಅವಳು ಕೂಗಲಿಲ್ಲ. ಆ ತೋಳನ್ನು ಬಲಗೈಯಿಂದ ಎತ್ತಿ ಹಿಡಿದುಕೊಂಡು ತಾನೇ ವ್ಯಾನು ಹತ್ತಿದಳು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೇರಿ ಉಳಿಯಲಿಲ್ಲ. ಮೂರು ವಾರಕ್ಕೆ ಇನ್ನೊಂದು ಯಂತ್ರ ಬಂತು. ಆದರೆ ಆ ಮೂರು ವಾರದಲ್ಲಿ ಬುಲ್ಡೋಜರ್ ಒಡೆದ ಸುದ್ದಿ ಊರೆಲ್ಲ ಆಗಿ, ದಾಕಿನವರು ಕೇರಿಗೂ, ಕೂಲಿಗಳ ಸಾಲಿಗೂ ಬಂದು ಇನ್ನೂರು ಜನಕ್ಕೆ ಚುಚ್ಚಿದರು. ಪಕ್ಕದ ಗುಡಿಸಲಿನ ಮಕ್ಕಳಲ್ಲಿ ಒಂದು ಸತ್ತಿತು, ಒಂದು ಬದುಕಿತು. ಮುನಿಲಕ್ಷ್ಮಮ್ಮ ಬದುಕಿದಳು, ಒಂದು ಕಣ್ಣು ಹೋಯಿತು. ಗುರುಬಸಪ್ಪನಿಗೆ ಏನೂ ಆಗಲಿಲ್ಲ. ತಿರುಮಲೇಶನೂ ವಾಸಿಯಾಗಿ ತಲಘಟ್ಟಪುರದ ಕಡೆ ಎಲ್ಲೋ ಲಾರಿ ಓಡಿಸಿಕೊಂಡಿದ್ದ. ಕೋರ್ಟಿಗೆ ಬಂದು ಸಾಕ್ಷಿ ಹೇಳು ಅಂದರೆ ಬರಲಿಲ್ಲ. ಸೊಣ್ಣಮ್ಮನಿಗೆ ಹದಿನಾಲ್ಕು ತಿಂಗಳ ಜೈಲಾಯಿತು.

ಅದಕ್ಕೆ ಮೊದಲು, ಆ ಮಧ್ಯಾಹ್ನ ಸ್ಟೇಷನ್ನಿನಲ್ಲಿ ನಡೆದದ್ದು ಇದು.

ಮುರಿದ ತೋಳಿಗೆ ಯಾರೂ ಏನೂ ಕಟ್ಟಿರಲಿಲ್ಲ. ಅವಳನ್ನು ಸಿಮೆಂಟಿನ ನೆಲದ ಮೇಲೆ ಕೂರಿಸಿದ್ದರು. ರೈಟರು ಹೇಳಿಕೆ ಬರೆದು ಮುಗಿಸಿ ಓದಿದ. ಕೇರಿಯಲ್ಲಿ ಕೊಳಕಿನಿಂದ ಸಿಡುಬು ಹಬ್ಬಿತ್ತು, ಅದು ಕಂಪನಿಯ ಯಂತ್ರಕ್ಕೂ ತಗುಲಿತು, ಶುಚಿ ಮಾಡಲು ಬಂದ ಮ್ಯಾನೇಜರರ ಮೇಲೆ ತಾನು ಕುಡಿದ ಅಮಲಿನಲ್ಲಿ ಹಲ್ಲೆ ಮಾಡಿದೆ ಎಂದಿತ್ತು.

"ಹೆಬ್ಬೆಟ್ಟು ಒತ್ತು."

"ಅದು ಸುಳ್ಳು. ಕೇರಿಯಿಂದ ಯಂತ್ರಕ್ಕೆ ಬರ್ಲಿಲ್ಲ. ಯಂತ್ರದಿಂದ ಕೇರಿಗೆ ಬಂತು. ಹಂಗ್ ಬರಿ."

ಸಬ್‌ಇನ್ಸ್‌ಪೆಕ್ಟರ್ ಕಣ್ಣುಸನ್ನೆ ಮಾಡಿದ. ಒಬ್ಬ ಪೇದೆ ಮುರಿದ ತೋಳಿನ ಮೇಲೆ ಕಾಲಿಟ್ಟ. ಅವಳ ಕಣ್ಣು ಕತ್ತಲಾಯಿತು. ಬಲಗೈ ಮುಷ್ಟಿ ಕಟ್ಟಿ, ಹೆಬ್ಬೆಟ್ಟನ್ನು ಬೆರಳುಗಳ ಒಳಗೆ ಮಡಿಸಿಕೊಂಡಳು. ಇಬ್ಬರು ಸೇರಿ ಒಂದೊಂದೇ ಬೆರಳು ಬಿಡಿಸಿದರು. ಕಿರುಬೆರಳು ಲಟಕ್ಕೆಂದಿತು. ಹೆಬ್ಬೆಟ್ಟಿಗೆ ಮಸಿ ಹಚ್ಚಿ ಹಾಳೆಗೆ ಒತ್ತುವಾಗ ಅವಳು ಇಡೀ ಅಂಗೈಯನ್ನು ಹಾಳೆಯ ಮೇಲೆ ಎಳೆದಳು. ಬರೆದದ್ದೆಲ್ಲ ಮಸಿಯಾಯಿತು.

ರೈಟರು ಇನ್ನೊಂದು ಹಾಳೆ ಬರೆದ. ಅದೂ ಹಾಗೇ ಆಯಿತು. ಮೂರನೆಯದನ್ನು ಅವಳು ಬಾಯಿಂದ ಕಚ್ಚಿ ಹರಿದಳು. ಕೆನ್ನೆಗೆ ಹೊಡೆದರು. ತಲೆ ಗೋಡೆಗೆ ಬಡಿದರು. ನಾಲ್ಕನೆಯ ಹಾಳೆಯ ಮೇಲೆ ಅವಳ ಮೂಗಿನ ರಕ್ತ ಬಿತ್ತು, ಅದನ್ನು ಕೋರ್ಟಿಗೆ ಕೊಡುವಂತಿರಲಿಲ್ಲ. ಹೊಡೆದು ಹೊಡೆದು ಪೇದೆಗೇ ಏದುಸಿರು ಹತ್ತಿತು. ಅವನು ಬಾಗಿಲ ಹತ್ತಿರ ಹೋಗಿ ನಿಂತುಕೊಂಡ.

ಸಬ್‌ಇನ್ಸ್‌ಪೆಕ್ಟರ್ ಗಡಿಯಾರ ನೋಡಿದ. "ಸಾಯ್ಲಿ. ಬರೆದು ಮುಗಿಸ್ರಿ" ಎಂದು ಎದ್ದುಹೋದ.

ರೈಟರು ಐದನೆಯ ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದ. ಪೆನ್ನು ಮುಚ್ಚಿದ.

"ಏನ್ ಬರ್ದೆ?" ಸೊಣ್ಣಮ್ಮ ಕೇಳಿದಳು. ತುಟಿ ಊದಿ ಮಾತು ಒಡೆದು ಬರುತ್ತಿತ್ತು.

ಅವನು ಹಾಳೆಯನ್ನು ಮಗುಚಿಟ್ಟ.

"ಓದು."

ಅವನು ಬಾಗಿಲ ಕಡೆ ನೋಡಿದ. ಸಾಹೇಬರು ಇರಲಿಲ್ಲ. ತಗ್ಗಿದ ದನಿಯಲ್ಲಿ ಓದಿದ. "ಆರೋಪಿ ಸೊಣ್ಣಮ್ಮ, ಹೇಳಿಕೆ ಸುಳ್ಳೆಂದು ಹೇಳಿ, ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ."

"ಇನ್ನೊಂದ್ ಸಲ ಓದು."

ಅವನು ಇನ್ನೊಂದು ಸಲ ಓದಿದ.

"ಅದೊಂದು ಸರಿಯಾಗಿ ಬರ್ದೆ" ಎಂದಳು. ಬಾಯಲ್ಲಿದ್ದ ರಕ್ತವನ್ನು ಅವರ ನೆಲದ ಮೇಲೆ ಉಗಿದಳು.